ಅಟ್ಟದಿಂದ ಇಳಿದ ಲಕ್ಷ್ಮಿ

ಹೊಸ ಫ್ಲ್ಯಾಟಿನ ಒಳಾಂಗಣಕ್ಕೆಂದು ಬಂದಿದ್ದ ಹುಡುಗ ಟ್ಯಾಬಿನಲ್ಲಿ ಚಿತ್ರ ತೋರಿಸಿದ. ಬೂದು ಸೋಫಾ, ಬೂದು ಗೋಡೆ, ಅದಕ್ಕಿಂತ ಒಂದೆಳೆ ತಿಳಿಯಾದ ಬೂದು ಪರದೆ, ಮೂಲೆಯಲ್ಲೊಂದು ಪ್ಲಾಸ್ಟಿಕ್ ಗಿಡ, ಟಿ.ವಿ. ಪಕ್ಕ ಬುದ್ಧನ ತಲೆ. ಕೆಟ್ಟದಾಗೇನೂ ಇರಲಿಲ್ಲ. ಯಾವುದೋ ಊರಿಗೆ ಮದುವೆಗೆ ಹೋದಾಗ ಎರಡು ದಿನ ಉಳಿದುಕೊಳ್ಳುವ ಹೋಟೆಲಿನ ರೂಮಿನ ಹಾಗಿತ್ತು. ಅಮ್ಮ ಕನ್ನಡಕ ಮೇಲೆ ಕೆಳಗೆ ಮಾಡಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: “ಎಲ್ಲಾ ಸರಿ ಕಣಪ್ಪಾ, ಇದ್ರಲ್ಲಿ ಹಸೆಮಣೆ ಎಲ್ಲಿಡೋದು?”

ಹುಡುಗ ನನ್ನ ಮುಖ ನೋಡಿದ. ನಾನು ಕೈಯಲ್ಲೇ ಅಳತೆ ತೋರಿಸಿದೆ. “ಓ, ಸ್ಟೂಲ್ ಥರದ್ದಾ? ಲಾಫ್ಟಿಗೆ ಹಾಕಿಬಿಡೋಣ ಆಂಟಿ, ಕಾಣಲ್ಲ,” ಅಂದ.

ಕಾಣಲ್ಲ ಅನ್ನುವುದನ್ನೇ ಅವನು ಸಮಾಧಾನದ ಮಾತಾಗಿ ಹೇಳಿದ್ದ. ತಪ್ಪು ಅವನದಲ್ಲ. ತಿಪಟೂರಿನ ಮನೆ ಮಾರಿದಾಗ ಅಲ್ಲಿಂದ ಬಂದ ಎರಡು ಟ್ರಂಕು, ಮೂರು ಗೋಣಿಚೀಲ ಆರು ವರ್ಷ ನಮ್ಮ ಬಾಡಿಗೆ ಮನೆಯ ಅಟ್ಟದಲ್ಲೇ ಕೂತಿದ್ದವು. ಹಿತ್ತಾಳೆಯ ಪಾವು, ಚಟಾಕು, ಅಳಗುಳಿ ಮಣೆ, ಕಡೆಗೋಲು, ಜೋಡಿ ಪಟ್ಟದ ಗೊಂಬೆ, ಅಜ್ಜಿಯ ಕೌದಿ, ಬಟ್ಟೆಯಲ್ಲಿ ಸುತ್ತಿದ ಒಂದಷ್ಟು ಫೋಟೊಗಳು. ವರ್ಷಕ್ಕೊಮ್ಮೆ ದಸರೆಗೆ ಗೊಂಬೆ ಇಳಿಯುತ್ತಿತ್ತು. ಉಳಿದದ್ದು ಹಾಗೇ. ಎಸೆಯಲು ಮನಸ್ಸಿಲ್ಲ, ಇಡಲು ಜಾಗವಿಲ್ಲ ಎಂದು ನಾವೆಲ್ಲ ಹೇಳುತ್ತೇವಲ್ಲ, ಅದರಲ್ಲಿ ಎರಡನೆಯದು ಬರೀ ನೆಪ. ಬುದ್ಧನ ತಲೆಗೆ ಜಾಗ ಸಿಕ್ಕಿತ್ತಲ್ಲ!

ಆವತ್ತು ಹುಡುಗನನ್ನು ಕಾಫಿ ಕೊಟ್ಟು ಕಳಿಸಿ, ಅಟ್ಟಕ್ಕೆ ಏಣಿ ಹಾಕಿದೆ. ಮನೆಯ ಅಲಂಕಾರವನ್ನು ಶೇಡ್ ಕಾರ್ಡಿನಿಂದ ಶುರು ಮಾಡಬಾರದು, ಅಟ್ಟದಿಂದ ಶುರು ಮಾಡಬೇಕು ಅನ್ನುವುದು ನನಗೆ ಮನದಟ್ಟಾದದ್ದು ಆ ವಾರದಲ್ಲಿ. ಮೊದಲು ಸಾಮಾನು, ಆಮೇಲೆ ಅದಕ್ಕೊಪ್ಪುವ ಬಣ್ಣ, ಆಮೇಲೆ ಬೆಳಕು. ಸೋಫಾ ಕಟ್ಟಕಡೆಗೆ.

ಬಟ್ಟೆಗಂಟಿನಲ್ಲಿ ಮೊದಲು ಸಿಕ್ಕಿದ್ದು ಲಕ್ಷ್ಮಿ. ರವಿವರ್ಮನ ಲಕ್ಷ್ಮಿ: ಕಮಲದ ಮೇಲೆ ನಿಂತವಳು, ಹಿಂದೆ ಕೊಳದಲ್ಲಿ ಆನೆ. ಅಜ್ಜಿ ತನ್ನ ಮದುವೆಯಲ್ಲಿ ತಂದದ್ದಂತೆ. ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳ ಗೋಡೆಯಲ್ಲಿ ಇದೇ ಲಕ್ಷ್ಮಿಯಿದ್ದಳು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ. ಮುಂದೆ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಅಲ್ಲೇ ಕೆಲಸ ಮಾಡುತ್ತಿದ್ದ ಫ್ರಿಟ್ಜ್ ಷ್ಲೀಷರ್ ಎಂಬ ಜರ್ಮನ್ ತಂತ್ರಜ್ಞನ ಕೈಗೆ ಮಾರಾಟವಾಯಿತು. ಅಲ್ಲಿಯ ತನಕ ಎಣ್ಣೆಬಣ್ಣದ ಚಿತ್ರ ಅಂದರೆ ಅರಮನೆಯದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಇವತ್ತಿಗೂ ರವಿವರ್ಮನ ಮೂಲ ಚಿತ್ರಗಳಿವೆ. ಅಚ್ಚಿನ ಪ್ರತಿಗಳು ಮಾತ್ರ ನಮ್ಮಂಥವರ ಪಡಸಾಲೆಗೆ ಬಂದವು. ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಒಂದೇ ಹಾಳೆ ಮತ್ತೆ ಮತ್ತೆ ಅಚ್ಚಿಗೆ ಹೋಗಿ, ಬಣ್ಣದ ಮೇಲೆ ಬಣ್ಣ ಕೂತು ಚಿತ್ರವಾಗಬೇಕು. ಭೂತಗನ್ನಡಿ ಹಿಡಿದು ನೋಡಿದರೆ ಲಕ್ಷ್ಮಿಯ ಕೆನ್ನೆ ಬರೀ ಸಣ್ಣ ಸಣ್ಣ ಚುಕ್ಕೆಗಳು.

ನಮ್ಮ ಲಕ್ಷ್ಮಿಗೆ ಇನ್ನೊಂದು ವಿಶೇಷ ಇತ್ತು. ಅಜ್ಜಿ ಅವಳಿಗೆ ಸೀರೆ ಉಡಿಸಿದ್ದಳು. ಅಚ್ಚಿನ ಸೀರೆಯ ಮೇಲೆ ನಿಜವಾದ ಕೆಂಪು ರೇಷ್ಮೆ ಚೂರು ಅಂಟಿಸಿ, ಅಂಚಿಗೆ ಜರಿ ಇಟ್ಟು, ಕಿರೀಟಕ್ಕೂ ಬಳೆಗೂ ಚಮ್ಕಿ ಕೂರಿಸಿದ್ದಳು. ಆಗ ಇದು ಹೆಂಗಸರ ಮಧ್ಯಾಹ್ನದ ಕೆಲಸ. ಊಟದ ಮುಸುರೆ ತಿಕ್ಕಿ, ಮಕ್ಕಳು ಮಲಗಿದ ಮೇಲೆ, ಮೈದಾ ಗೋಂದು ಕಾಸಿಕೊಂಡು ಕೂರುತ್ತಿದ್ದರಂತೆ. ಎಡಗೈಯ ಎರಡು ಬಳೆಗೆ ಮಾತ್ರ ಚಮ್ಕಿ ಇಲ್ಲ. ಉದುರಿದ್ದಲ್ಲ, ಗೋಂದಿನ ಗುರುತೂ ಅಲ್ಲಿಲ್ಲ. “ಚಮ್ಕಿ ಮುಗಿದಿತ್ತೇನೋ, ಇಲ್ಲಾ ನಾನು ಎದ್ದು ಅತ್ತಿರಬೇಕು,” ಅಂದಳು ಅಮ್ಮ.

ಇಲ್ಲಿ ನನ್ನ ದಡ್ಡತನವೊಂದನ್ನು ಹೇಳಲೇಬೇಕು. ಕಟ್ಟು ಹಳೆಯದಾಗಿದೆ, ಹೊಸದು ಹಾಕಿಸೋಣ ಎಂದು ಅದನ್ನು ಹತ್ತಿರದ ಅಂಗಡಿಗೆ ಕೊಟ್ಟೆ. ಎರಡು ದಿನ ಬಿಟ್ಟು ಹೋದರೆ ಫಳಫಳ ಹೊಳೆಯುವ ಕಟ್ಟಿನಲ್ಲಿ ಲಕ್ಷ್ಮಿ ನಗುತ್ತಿದ್ದಳು. ಕೆಳಗಿನ ಬಿಳಿ ಅಂಚು ಮಾತ್ರ ಇರಲಿಲ್ಲ. ಆ ಅಂಚಿನಲ್ಲಿ ಚಿತ್ರದ ಹೆಸರು, ಮುದ್ರಣಾಲಯದ ಹೆಸರು ಸಣ್ಣ ಅಕ್ಷರದಲ್ಲಿ ಇದ್ದವು. ಅದರ ಪಕ್ಕ ಅಜ್ಜಿ ಪೆನ್ಸಿಲಿನಲ್ಲಿ ಬರೆದ ಯಾವುದೋ ಲೆಕ್ಕವೂ ಇತ್ತು. “ಕಲೆಯಾಗಿತ್ತು ಮೇಡಂ, ನೀಟಾಗಿ ಕಟ್ ಮಾಡ್ದೆ,” ಅಂದರು ಅಂಗಡಿಯವರು. ಅವರು ಒಳ್ಳೆಯದೇ ಮಾಡಿದ್ದೇವೆ ಅಂದುಕೊಂಡಿದ್ದರು. ಮೊದಲೇ ಹೇಳದಿದ್ದದ್ದು ನನ್ನ ತಪ್ಪು. ಹಳೆಯ ಕಾಗದದ ಚಿತ್ರಕ್ಕೆ ಕಟ್ಟು ಹಾಕಿಸುವವರು ಇನ್ನೂ ಎರಡು ಮಾತು ಹೇಳಬೇಕು. ಹಿಂದೆ ಹಾರ್ಡ್‌ಬೋರ್ಡು ನೇರವಾಗಿ ತಾಗಬಾರದು, ವರ್ಷಗಳು ಕಳೆದಂತೆ ಅದರ ಕಂದು ಬಣ್ಣ ಕಾಗದಕ್ಕೆ ಹತ್ತುತ್ತದೆ. ಆಸಿಡ್ ಇಲ್ಲದ ಮೌಂಟ್ ಬೋರ್ಡು ಎಂದು ಕೇಳಿ ಹಾಕಿಸಬೇಕು. ಗಾಜೂ ಚಿತ್ರಕ್ಕೆ ಅಂಟಿರಬಾರದು, ನಡುವೆ ಒಂದಿಷ್ಟು ಉಸಿರಾಡುವ ಜಾಗ ಬೇಕು. ಇಲ್ಲವಾದರೆ ಮಳೆಗಾಲದಲ್ಲಿ ಬೂಷ್ಟು ಗ್ಯಾರಂಟಿ.

ಈಗ ಬಣ್ಣದ ಮಾತು. ಪೇಂಟಿನ ಅಂಗಡಿಯ ಶೇಡ್ ಕಾರ್ಡಿನಲ್ಲಿ ಸಾವಿರಾರು ಬಣ್ಣ, ಎಲ್ಲಕ್ಕೂ ಇಂಗ್ಲಿಷ್ ಹೆಸರು. ಹೆಸರು ಓದಿದರೆ ಬಣ್ಣ ಕಣ್ಣಿಗೆ ಬರುವುದಿಲ್ಲ. ಅಮ್ಮನಿಗೆ ಗೊತ್ತಿರುವುದು ಸೀರೆ ಅಂಗಡಿಯ ಬಣ್ಣಗಳು: ಈರುಳ್ಳಿ ಸಿಪ್ಪೆ, ಗಿಳಿಹಸಿರು, ನವಿಲುಗತ್ತು, ಅರಿಶಿನ ಕುಂಕುಮ, ನೇರಳೆ, ಗೋಧಿಬಣ್ಣ, ಮಾವಿನ ಚಿಗುರು. ಎಂ.ಎಸ್. ಸುಬ್ಬುಲಕ್ಷ್ಮಿ ಉಡುತ್ತಿದ್ದ ಸೀರೆಯಿಂದಾಗಿ ಒಂದು ನೀಲಿಗೆ ಎಂ.ಎಸ್. ನೀಲಿ ಅಂತಲೇ ಹೆಸರು ಬಿತ್ತಲ್ಲ, ಹಾಗೆ. ಮಾವಿನ ಚಿಗುರು ಅಂದರೆ ಸಾಕು, ಯಾವ ಕೆಂಪು, ಅದರಲ್ಲಿ ಎಷ್ಟು ಕಂದು, ಎಷ್ಟು ಹೊಳಪು ಅನ್ನುವುದೆಲ್ಲ ಅದರೊಳಗೇ ಇದೆ. ಅವಳು ಲಕ್ಷ್ಮಿಯನ್ನೇ ನೋಡುತ್ತ ಕೂತು, ಕೊನೆಗೆ ಆನೆಯ ಹಿಂದಿನ ಆಕಾಶದ ಮೇಲೆ ಬೆರಳಿಟ್ಟಳು. ನೀಲಿಯಲ್ಲ, ಹಸಿರಲ್ಲ, ಹಳದಿ ತಿರುಗಿದ ಕಾಗದದ ಮೇಲೆ ಮಾಸಿದ ತಿಳಿನೀಲಿ. “ಸುಣ್ಣಕ್ಕೆ ನೀಲಿ ಹಾಕಿದ್ದು ಸ್ವಲ್ಪ ಜಾಸ್ತಿಯಾದ್ರೆ ಹಿಂಗೇ ಬರ್ತಿತ್ತು ಕಣೇ ನಮ್ಮನೆ ಗೋಡೆ.”

ಆಗಿದ್ದು ಇಷ್ಟೇ. ಅದೇ ಬಣ್ಣದ ಒಂದು ಹಳೆಯ ರವಿಕೆ ಕಣ ಹುಡುಕಿ ಅಂಗಡಿಗೆ ಒಯ್ದೆವು. ಬಟ್ಟೆಯನ್ನು ಒಂದು ಸಣ್ಣ ಯಂತ್ರದ ಕೆಳಗೆ ಹಿಡಿದರೆ ಅದು ಬಣ್ಣ ಓದಿಕೊಳ್ಳುತ್ತದೆ, ಕಂಪ್ಯೂಟರ್ ಅದರ ಹತ್ತಿರದ ಬೆರಕೆ ಹೇಳುತ್ತದೆ. ಒಂದೇ ಲೀಟರ್ ತಂದು, ಗೋಡೆಯ ಮೂರು ಕಡೆ ಎರಡೆರಡು ಅಡಿ ಚೌಕ ಬಳಿಸಿ ನಾಲ್ಕು ದಿನ ಸುಮ್ಮನಿದ್ದೆವು. ಇದನ್ನು ದಯವಿಟ್ಟು ಯಾರೂ ತಪ್ಪಿಸಬೇಡಿ. ಕಾರ್ಡಿನ ಮೇಲೆ ಬೆರಳಗಲ ಇದ್ದದ್ದು ಗೋಡೆಗೆ ಬಂದರೆ ಗಾಢವಾಗುತ್ತದೆ. ಬೆಳಗಿನ ಬಣ್ಣ ಬೇರೆ, ಪಡುವಣ ಬಿಸಿಲು ಬಿದ್ದಾಗಿನ ಬಣ್ಣ ಬೇರೆ, ದೀಪ ಹಾಕಿದ ಮೇಲೆ ಪೂರಾ ಬೇರೆ. ನಾಲ್ಕನೇ ದಿನ ಅದಕ್ಕೆ ಇನ್ನೊಂದಿಷ್ಟು ಬಿಳಿ ಸೇರಿಸಲು ಹೇಳಿದೆವು. ಪೇಂಟಿನ ಡಬ್ಬದ ಮೇಲೆ ಬ್ರಶ್ ಹಿಡಿದು ನಿಲ್ಲುತ್ತಿದ್ದ, ಹಣೆಗೆ ಕೂದಲು ಬಿಟ್ಟ ತುಂಟ ಹುಡುಗ ಗಟ್ಟು ನೆನಪಿದ್ದಾನೆಯೇ? 1954ರಲ್ಲಿ ಏಷ್ಯನ್ ಪೇಂಟ್ಸ್‌ಗಾಗಿ ಅವನನ್ನು ಬರೆದದ್ದು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್. ನಮ್ಮ ಪೇಂಟರಿಗೆ ಅದನ್ನು ಹೇಳಿದೆ. “ಹೌದಾ ಮೇಡಂ,” ಅಂದು ಅವರು ಪುಟ್ಟಿ ತಿಕ್ಕುವುದನ್ನು ಮುಂದುವರಿಸಿದರು.

ಒಂದು ಗೋಡೆಯ ಬುಡಕ್ಕೆ ಅಮ್ಮ ಹಟ ಹಿಡಿದು ಕೆಮ್ಮಣ್ಣು ಬಣ್ಣದ ಪಟ್ಟೆ ಎಳೆಸಿದಳು. ಊರಿನ ಮನೆಗಳಲ್ಲಿ ಸುಣ್ಣದ ಗೋಡೆಗೆ ಕೆಳಗೆ ಕೆಮ್ಮಣ್ಣಿನ ಕಾರಣೆ ಇರುತ್ತಿತ್ತು. ನೋಡಲು ಚೆಂದ ಅನ್ನುವುದು ಆಮೇಲೆ. ಕಸ ಗುಡಿಸುವಾಗ, ನೆಲ ಸಾರಿಸುವಾಗ, ಮಳೆ ನೀರು ಎರಚುವಾಗ ಹತ್ತುವ ಕೊಳೆಯನ್ನು ಆ ಪಟ್ಟೆ ನುಂಗಿಕೊಳ್ಳುತ್ತಿತ್ತು. ಕೆಳಗೆ ಕೆಂಪು ಗಾರೆ ನೆಲ. ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ, ಅಂದರೆ ಕಬ್ಬಿಣದ ಆಕ್ಸೈಡ್ ಬೆರೆಸಿ, ತೆಳ್ಳಗೆ ಎಳೆದು, ಆರುವ ಮುಂಚೆ ಕರಣೆಯಿಂದ ಒತ್ತಿ ಒತ್ತಿ ಹೊಳಪು ತರಿಸಿ, ದಿನಗಟ್ಟಲೆ ನೀರು ನಿಲ್ಲಿಸಿ ಮಾಡಿದ ನೆಲ. ಮಿಕ್ಕ ಹೊಳಪನ್ನು ಮನೆಯವರ ಅಂಗಾಲು ಕೊಡುತ್ತಿತ್ತು. ತಿಪಟೂರಿನ ಮನೆಯಲ್ಲಿ ಅಜ್ಜ ದಿನಾ ಕೂರುತ್ತಿದ್ದ ಕಂಬದ ಬುಡದ ನೆಲ ಕನ್ನಡಿಯಂತಿತ್ತು. ಈಗ ಅದನ್ನು ಮತ್ತೆ ಮಾಡಿಸುವವರಿದ್ದಾರೆ, ಆದರೆ ಕೈ ಪಳಗಿದ ಗಾರೆಯವರು ಸಿಗುವುದು ಕಷ್ಟ. ಒರಟು ಕೈಗೆ ಸಿಕ್ಕರೆ ತೇಪೆ ತೇಪೆಯಾಗಿ, ವರ್ಷದಲ್ಲೇ ಬಿರುಕು ಬಿಡುತ್ತದೆ. ಫ್ಲ್ಯಾಟಿನಲ್ಲಿ ಅದರ ಗೋಜಿಗೆ ನಾವು ಹೋಗಲಿಲ್ಲ. ಪಟ್ಟೆ ಒಂದೇ ಸಾಕು ಅನ್ನಿಸಿತು.

ಗೋಡೆಯನ್ನೇ ಚಿತ್ರ ಮಾಡಿಕೊಂಡವರು ಮಲೆನಾಡಿನ ದೀವರ ಹೆಂಗಸರು. ಸಾಗರ, ಸೊರಬದ ಕಡೆ ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಇಷ್ಟರಲ್ಲೇ ಹಸೆ ಚಿತ್ತಾರ ಬರೆಯುತ್ತಾರೆ. ಕುಂಚವೂ ಅಂಗಡಿಯದಲ್ಲ, ಪುಂಡಿ ನಾರು. ಭೂಮಿ ಹುಣ್ಣಿಮೆ ಬಂತೆಂದರೆ ಗದ್ದೆಗೆ ಚರಗ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಅದೇ ಎಳೆಗಳು. ನಾಲ್ಕೇ ಬಣ್ಣ, ಅವೂ ಹೊಲ, ಕಾಡು, ಒಲೆಯಿಂದ ಬಂದವು. ಸಾವಿರಾರು ಶೇಡಿನ ಕಾರ್ಡು ನೋಡಿ ತಲೆ ಕೆಟ್ಟಾಗ ಆ ಗೋಡೆಯನ್ನು ನೆನೆಯುವುದು ಒಳ್ಳೆಯದು. ಈಗ ಈ ಚಿತ್ತಾರವನ್ನು ಹಾಳೆಯ ಮೇಲೆ, ಬಟ್ಟೆಯ ಮೇಲೆ ಬರೆದುಕೊಡುವ ಕಲಾವಿದೆಯರಿದ್ದಾರೆ. ಅವರಿಂದ ಒಂದನ್ನು ಕೊಳ್ಳಿ. ಆನ್‌ಲೈನಿನಲ್ಲಿ ಸಿಗುವ ವಾರ್ಲಿ ಸ್ಟಿಕ್ಕರು ಬೇಡ. ಅಂಟಿಸಿದ ಎರಡನೇ ಬೇಸಗೆಗೆ ಅದರ ಮೂಲೆಗಳು ಏಳುತ್ತವೆ, ಕಿತ್ತರೆ ಪೇಂಟೂ ಜೊತೆಗೆ ಬರುತ್ತದೆ.

ಬೆಳಕಿನ ವಿಷಯದಲ್ಲಿ ನಮ್ಮವರು ಮಾಡುವಷ್ಟು ಅನ್ಯಾಯ ಇನ್ನೆಲ್ಲೂ ಇಲ್ಲ. ದುಡ್ಡು ಕೊಟ್ಟು ಮೈಸೂರು ಶೈಲಿಯ ಚಿತ್ರ ತರುತ್ತಾರೆ, ಅದರ ಮೇಲೆ 6500 ಕೆಲ್ವಿನ್ನಿನ ಬಿಳಿ ಎಲ್‌ಇಡಿ ಹಾಕುತ್ತಾರೆ. ಆ ಬೆಳಕಿನಲ್ಲಿ ಚಿನ್ನದ ರೇಕು ಹಸಿರು ತಿರುಗಿದ ತಗಡಿನ ಹಾಗೆ ಕಾಣುತ್ತದೆ. ಮೈಸೂರು ಚಿತ್ರದಲ್ಲಿ ಚಿನ್ನದ ಕೆಳಗಿನ ಗೆಸ್ಸೊ ಕೆಲಸ ತೀರಾ ತೆಳು, ತಂಜಾವೂರಿನಂತೆ ಉಬ್ಬಿ ನಿಲ್ಲುವುದಿಲ್ಲ, ಕಲ್ಲು ಹರಳಿನ ಭಾರವೂ ಇಲ್ಲ. ಆ ನವಿರು ಕಾಣಬೇಕಾದರೆ ಬೆಳಕು ಬದಿಯಿಂದ ಬರಬೇಕು, ಎಣ್ಣೆದೀಪದ ಹಳದಿ ಇರಬೇಕು. 2700 ರಿಂದ 3000 ಕೆಲ್ವಿನ್, ಸಿಆರ್‌ಐ 90ರ ಮೇಲಿನದು ಎಂದು ಬಲ್ಬಿನ ಡಬ್ಬದ ಮೇಲೆ ಬರೆದಿರುತ್ತದೆ, ನೋಡಿ ತನ್ನಿ. ಹಿತ್ತಾಳೆಗೂ ಇದೇ ಮದ್ದು. ಬಿಸಿಲು ನೇರವಾಗಿ ಬೀಳುವ ಗೋಡೆಗೆ ಮಾತ್ರ ಕಾಗದದ ಚಿತ್ರವನ್ನಾಗಲಿ ಬಟ್ಟೆಯನ್ನಾಗಲಿ ಹಾಕಬೇಡಿ. ಬಚ್ಚಲುಮನೆಗೆ ಬೆನ್ನು ಕೊಟ್ಟ ಗೋಡೆಯೂ ಬೇಡ, ಅಲ್ಲಿ ತೇವ ಒಳಗಿನಿಂದಲೇ ಬರುತ್ತದೆ.

ಇನ್ನು ಎತ್ತರ. ನಮ್ಮ ಹಳೆಯ ಮನೆಗಳಲ್ಲಿ ಫೋಟೊಗಳು ಸೂರಿಗೆ ಒಂದು ಗೇಣು ಕೆಳಗೆ, ಸಾಲಾಗಿ, ನಮಗೆ ನಮಸ್ಕಾರ ಮಾಡುವಂತೆ ಮುಂದಕ್ಕೆ ಬಾಗಿರುತ್ತಿದ್ದವು. ನಾವೆಲ್ಲ ನಕ್ಕದ್ದುಂಟು. ಆದರೆ ಅದರಲ್ಲೂ ಲೆಕ್ಕವಿತ್ತು. ಚಾಪೆಯ ಮೇಲೆ ಕೂತವರಿಗೆ ಗಾಜಿನ ಮಿಂಚು ಕಣ್ಣಿಗೆ ಹೊಡೆಯದೆ ಮುಖ ಕಾಣುತ್ತಿತ್ತು, ಹಿಂದೆ ಗಾಳಿಯಾಡಿ ಗೋಡೆಯ ತೇವ ಚಿತ್ರಕ್ಕೆ ತಾಗುತ್ತಿರಲಿಲ್ಲ. ಈಗ ನಾವು ಕುರ್ಚಿಯ ಮೇಲೆ ಕೂರುವವರು. ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್, ಅಂದರೆ ನಾಲ್ಕೂಮುಕ್ಕಾಲು ಅಡಿ ಎತ್ತರಕ್ಕೆ ಬರುವಂತೆ ಹಾಕುವುದು ವಸ್ತು ಸಂಗ್ರಹಾಲಯಗಳಲ್ಲಿ ರೂಢಿ. ಲಕ್ಷ್ಮಿಯನ್ನು ನಾವು ಅದಕ್ಕೂ ಒಂದು ಬೆರಳು ಕೆಳಗೆ ಹಾಕಿದೆವು, ಯಾಕೆಂದರೆ ಅಮ್ಮ ಕುಳ್ಳಿ.

ಗೋಣಿಚೀಲದ ಸಾಮಾನಿನ ಕಥೆ ಬೇರೆ. ಅದನ್ನು ಅಲಂಕಾರಕ್ಕೆ ಇಡುವುದಕ್ಕಿಂತ ಬಳಸುವುದು ಮೇಲು. ಪಾವಿನಲ್ಲಿ ನಾನೀಗ ಅಕ್ಕಿ ಅಳೆಯುತ್ತೇನೆ. ಅಳಗುಳಿ ಮಣೆಯ ಹದಿನಾಲ್ಕು ಗುಳಿಗಳಲ್ಲಿ ಹುಣಸೆಬೀಜ ಹಾಕಿ ಟೀಪಾಯಿಯ ಮೇಲಿಟ್ಟಿದ್ದೇವೆ. ಬಂದ ಮಕ್ಕಳು ಮೊಬೈಲ್ ಬಿಟ್ಟು ಅದಕ್ಕೆ ಕೈ ಹಾಕುತ್ತಾರೆ ಅಂದರೆ ಸುಳ್ಳು ಹೇಳಿದಂತಾದೀತು, ಹತ್ತರಲ್ಲಿ ಇಬ್ಬರು ಹಾಕುತ್ತಾರೆ. ಕೌದಿ ಸೋಫಾದ ಬೆನ್ನ ಮೇಲಿದೆ. ಅಪ್ಪನ ಲುಂಗಿ, ನನ್ನ ಶಾಲೆಯ ನೀಲಿ ಲಂಗ, ಅತ್ತೆಯ ಬಾಣಂತನದ ಸೀರೆ ಎಲ್ಲ ಅದರಲ್ಲಿದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಹೂವಿನಂತೆ ಮಡಿಸಿದ ಬಟ್ಟೆ ಹೊಲಿಯದಿದ್ದರೆ ಅವರ ಕಣ್ಣಿಗೆ ಕೌದಿ ಬೋಳು. ಅಂಥದ್ದೊಂದನ್ನು ಕೊಂಡು ಹಾಸಿದರೆ ಬೂದು ಸೋಫಾಕ್ಕೂ ಜೀವ ಬರುತ್ತದೆ. ಅಡುಗೆಮನೆಯ ಕಪಾಟುಗಳಿಗೆ ಸ್ಟೀಲಿನ ಹಿಡಿ ತೆಗೆಸಿ ಚನ್ನಪಟ್ಟಣದ ಮರದ ಗುಬಟುಗಳನ್ನು ಹಾಕಿಸಿದೆವು. ಹಾಲೆಮರವನ್ನು ಚಕ್ರದಲ್ಲಿ ತಿರುಗಿಸುತ್ತ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಹಳದಿ, ಕೆಂಪು, ಹಸಿರು, ಪ್ರತಿ ಬಾಗಿಲಿಗೂ ಒಂದೊಂದು. ಒಳಾಂಗಣದ ಹುಡುಗ ಮೊದಲ ಸಲ ನಿಜಕ್ಕೂ ಮೆಚ್ಚಿದ್ದು ಇದನ್ನೇ, ಫೋಟೊ ತೆಗೆದುಕೊಂಡು ಹೋದ.

ಬೀದರಿನ ಬಿದರಿ ಹೂಜಿಯೊಂದಿತ್ತು, ಅಪ್ಪನ ನಿವೃತ್ತಿಗೆ ಕೊಟ್ಟದ್ದು. ಕೆಲಸದವಳು ಅದನ್ನು ಹಿತ್ತಾಳೆ ಪಾತ್ರೆಗಳ ಜೊತೆ ಸೇರಿಸಿ ಹುಣಸೆಹಣ್ಣು ಹಾಕಿ ತಿಕ್ಕಲು ಕೂತಿದ್ದಳು. ಪುಣ್ಯಕ್ಕೆ ನಾನು ನೋಡಿದೆ. ಬಿದರಿಯ ಕಪ್ಪು ಕೊಳೆಯಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದು ಬೆಳ್ಳಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿ ಕುದಿಸಿದ ನೀರಿನಲ್ಲಿ ಅದ್ದುತ್ತಾರೆ. ಆಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಹುಣಸೆಹಣ್ಣು ತಿಕ್ಕಿದರೆ ಆ ಕಪ್ಪಿಗೇ ಕುತ್ತು. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ಸಾಕು.

ಎಲ್ಲವನ್ನೂ ಹೊರಗಿಟ್ಟರೆ ಮನೆ ಗುಜರಿ ಅಂಗಡಿಯಾಗುತ್ತದೆ ಅನ್ನುವುದೂ ನಿಜ. ನಮ್ಮ ಮಧ್ಯಮವರ್ಗದ ಶೋಕೇಸುಗಳು ಆ ತಪ್ಪನ್ನು ಬೀಗ ಹಾಕಿ ಮಾಡುತ್ತಿದ್ದವು. ಒಡೆಯುತ್ತದೆಂದು ಎಂದೂ ಬಳಸದ ಟೀ ಸೆಟ್ಟು, ಬಹುಮಾನದ ಕಪ್ಪು, ತಾಜಮಹಲು, ಗಾಜಿನೊಳಗೆ ಎಲ್ಲವೂ ಒತ್ತೊತ್ತಾಗಿ. ನಾವು ಮಾಡಿಕೊಂಡ ಏರ್ಪಾಡು ದಸರೆಯ ಗೊಂಬೆಗಳದೇ. ಗೊಂಬೆ ವರ್ಷವಿಡೀ ಪೆಟ್ಟಿಗೆಯಲ್ಲಿದ್ದು ಒಂಬತ್ತು ದಿನ ಹೊರಬರುವುದರಿಂದಲೇ ಅದಕ್ಕೆ ಆ ಕಳೆ. ಹಾಗೇ ಒಂದು ಗೂಡು, ಒಂದು ಗೋಡೆ ಇಟ್ಟುಕೊಂಡು, ಕೆಲವನ್ನು ಯುಗಾದಿಗೆ ಹೊರಗಿಟ್ಟು ಕೆಲವನ್ನು ಒಳಗಿಡುತ್ತೇವೆ, ದಸರೆಗೆ ಅದಲು ಬದಲು. ಲಕ್ಷ್ಮಿ ಮಾತ್ರ ಇಳಿಯುವುದಿಲ್ಲ.

ಈ ಹುಚ್ಚನ್ನು ತುದಿಗೆ ಮುಟ್ಟಿಸಿದವರನ್ನು ನೋಡಬೇಕಾದರೆ ಮಣಿಪಾಲಕ್ಕೆ ಹೋಗಬೇಕು. ವಿಜಯನಾಥ ಶೆಣೈ ಅವರು ಕೆಡವುತ್ತಿದ್ದ ಮನೆಗಳ ಕಂಬ, ಬಾಗಿಲು, ತೊಲೆಗಳನ್ನು ಕೂಡಿಹಾಕಿ ಮೊದಲು ತಮ್ಮ ವಾಸದ ಮನೆಯನ್ನೇ ಕಟ್ಟಿಕೊಂಡರು. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಕುಕನೂರಿನ ಕಮಲ ಮಹಲ್, ಹರ್ಕೂರು ಮನೆ, ಮಿಯಾರು ಮನೆ ಈಗ ಅಲ್ಲಿನ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿವೆ. ಅಷ್ಟು ನಮ್ಮ ಕೈಲಾಗುವುದಿಲ್ಲ, ಬೇಕಾಗಿಯೂ ಇಲ್ಲ. ಆದರೆ ಅಲ್ಲಿನ ಒಂದು ಬಾಗಿಲಿನ ಮುಂದೆ ನಿಂತು ನೋಡಿದವರು ಮನೆಗೆ ಬಂದು ತಮ್ಮ ಅಟ್ಟದ ಕಡೆ ತಲೆಯೆತ್ತಿ ನೋಡದೆ ಇರಲಾರರು.

ಹಸೆಮಣೆ ಈಗ ಬಾಗಿಲ ಪಕ್ಕದಲ್ಲಿದೆ. ಚಪ್ಪಲಿ ಹಾಕಿಕೊಳ್ಳುವಾಗ ಅಮ್ಮ ಅದರ ಮೇಲೆ ಕೂರುತ್ತಾಳೆ. ಶುಭಕಾರ್ಯದ ಮಣೆಯ ಮೇಲೆ ಕೂತು ಚಪ್ಪಲಿ ಹಾಕಬಾರದು ಎಂದು ನೆಂಟರೊಬ್ಬರು ಆಕ್ಷೇಪಿಸಿದರು. ಅವಳು, ಮಂಡಿ ನೋವಿಗೆ ಶಾಸ್ತ್ರ ಇಲ್ಲ ಅಂದಳು.

ಈ ಸಲ ದಸರೆಗೆ ಗೊಂಬೆ ಇಳಿಸಲು ಹೇಗೂ ಏಣಿ ಹಾಕುತ್ತೀರಿ. ಪಕ್ಕದ ಗಂಟನ್ನೂ ಒಮ್ಮೆ ಬಿಚ್ಚಿ ನೋಡಿ. ಅದರಲ್ಲಿ ಹಳೆಯ ಪಟವಿದ್ದು ಕಟ್ಟು ಹಾಕಿಸಲು ಕೊಡುವುದಾದರೆ, ಅಂಚು ಕತ್ತರಿಸಬೇಡಿ ಎಂದು ಅಂಗಡಿಯವರಿಗೆ ಮೊದಲೇ ಹೇಳಿ. ಆಗುವುದಾದರೆ ಚೀಟಿಯಲ್ಲಿ ಬರೆದೇ ಕೊಡಿ.